ಬಾಗಿಲಿಗೆ ಚಿಲಕ ಹಾಕಿದರೆ ನಂಬಿಕೆ ಕಡಿಮೆಯಾಯಿತೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಕೆ ಸಲಹೆ ಕೇಳಿ ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲವೆಂದು. ವಯಸ್ಸು ನಲವತ್ತು ದಾಟಿದೆ, ಲೆಕ್ಕಪತ್ರ ನೋಡುವ ಕೆಲಸ. ಗಂಡ ತೀರಿಕೊಂಡಿದ್ದಾರೆ, ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ನಿದ್ದೆಯ ಹಿಂದಿನ ಕಥೆ ಹೊರಬಂದದ್ದು ಮೂರನೆಯ ಭೇಟಿಯಲ್ಲಿ. ಕೆಲಸದ ಜಾಗದಲ್ಲಿ ಹಣ ಸೋರಿಹೋಗುತ್ತಿದ್ದುದನ್ನು ಕಂಡು ಮೇಲಿನವರಿಗೆ ಬರೆದುಕೊಟ್ಟಿದ್ದರು. ತನಿಖೆ ಶುರುವಾದ ವಾರದಿಂದಲೇ ಗೊತ್ತಿಲ್ಲದ ನಂಬರಿನಿಂದ ಕರೆಗಳು. ಆಮೇಲೆ ಒಂದು ಮೆಸೇಜು: "ನಿನ್ನ ಮಗಳು ಎಷ್ಟು ಗಂಟೆಗೆ ಮನೆಗೆ ಬರುತ್ತಾಳೆ ಅಂತ ಗೊತ್ತು." ಒಟ್ಟಿಗೆ ಕೂತು ಊಟ ಮಾಡುತ್ತಿದ್ದವರೂ ಮುಖ ತಿರುಗಿಸತೊಡಗಿದ್ದರು.

"ಯಾರಿಗೆ ಹೇಳಿದ್ದೀರಿ?" ಎಂದೆ.

"ದೇವರಿಗೆ ಹೇಳಿದ್ದೇನೆ ಅಕ್ಕಾ. ಮನುಷ್ಯರ ಹತ್ತಿರ ಓಡಿದರೆ ಆತನ ಮೇಲೆ ಭರವಸೆ ಇಲ್ಲ ಅಂತಾಗುವುದಿಲ್ಲವೇ?"

ಮೆಸೇಜುಗಳನ್ನು ಅಳಿಸಿಹಾಕುತ್ತಿದ್ದರು. ರಾತ್ರಿ, ದೇವರು ಕಾಪಾಡುತ್ತಾನೆ ಎಂದು ವಾಗ್ದಾನ ಮಾಡುವ ಬೈಬಲಿನ 91ನೇ ಕೀರ್ತನೆ ಓದಿ, ಬೇಕೆಂದೇ ಚಿಲಕ ಹಾಕದೆ ಮಲಗುತ್ತಿದ್ದರು. "ಓದುವಾಗಲೇ ಕೈ ನಡುಗುತ್ತದೆ. ನನ್ನ ನಂಬಿಕೆಯಲ್ಲೇ ಏನೋ ಹುಳುಕಿದೆ" ಎಂದು ಅತ್ತರು.

ಬೆದರಿಕೆಗಿಂತ ಈ ನಾಚಿಕೆಯೇ ಅವರನ್ನು ಹೆಚ್ಚು ಹಿಂಡುತ್ತಿತ್ತು. ವಿಶ್ವಾಸಿಗೆ ಭಯ ಇರಬಾರದು ಎಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಈ ಒಂದು ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡು ನರಳಿದವರನ್ನು ನಾನು ಬಹಳ ಕಂಡಿದ್ದೇನೆ. ಅಪಾಯ ಕಂಡಾಗ ಎದೆ ಬಡಿದುಕೊಳ್ಳುವುದು, ಕೈ ನಡುಗುವುದು, ನಿದ್ದೆ ಪದೇಪದೇ ಒಡೆಯುವುದು ಮೈ ಕಾವಲು ಕಾಯುವ ರೀತಿ, ಅದನ್ನೂ ದೇವರೇ ಕೊಟ್ಟದ್ದು ಎಂದೆ. 56ನೇ ಕೀರ್ತನೆ ತೆಗೆಸಿದೆ. ಶತ್ರುಗಳಾದ ಫಿಲಿಷ್ಟಿಯರು ಗತ್ ಊರಿನಲ್ಲಿ, ಮುಂದೆ ಇಸ್ರಾಯೇಲಿನ ರಾಜನಾದ ದಾವೀದನನ್ನು ಹಿಡಿದಾಗಿನದು ಎಂದು ಅದರ ತಲೆಬರಹ. ಅಲ್ಲಿ ದಾವೀದ ತನಗೆ ಹೆದರಿಕೆಯೇ ಇಲ್ಲವೆನ್ನುವುದಿಲ್ಲ, ಹೆದರಿದಾಗ ನಿನ್ನನ್ನು ನೆಚ್ಚುತ್ತೇನೆ ಎನ್ನುತ್ತಾನೆ. ಆಕೆ ಆ ಸಾಲನ್ನು ಎರಡು ಸಲ ಓದಿ ಸುಮ್ಮನೆ ಕೂತರು.

ನಾನೂ ಅದೇ ನಂಬಿಕೆಯವಳು, ನಂಬಿಕೆಯ ಭಾಷೆಯನ್ನು ಮಾತಿಗೆ ತಂದವರೂ ಆಕೆಯೇ. ಹಾಗಾಗಿ ಮುಂದಿನ ಮಾತಿಗೆ ಧೈರ್ಯ ಬಂತು. 91ನೇ ಕೀರ್ತನೆಯ ವಾಗ್ದಾನವನ್ನು ಸೈತಾನನೂ ಎತ್ತಿ ಆಡಿದ್ದಾನೆ: ದೇವಾಲಯದ ತುದಿಯಿಂದ ಧುಮುಕು, ದೇವದೂತರು ಎತ್ತಿಕೊಳ್ಳುತ್ತಾರೆ ಎಂದು ಯೇಸುವಿಗೆ ಹೇಳಿದ. ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂದ. "ಚಿಲಕ ಹಾಕದೆ ಮಲಗುವುದು ಇದರಲ್ಲಿ ಯಾವುದಕ್ಕೆ ಹತ್ತಿರ?" ಎಂದು ಕೇಳಿದೆ. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ನಾನು ಅವಸರ ಮಾಡಲಿಲ್ಲ.

ಯೇಸುವಿನ ಶಿಷ್ಯರ ಕಥೆ ಹೇಳುವ ಬೈಬಲಿನ ಅಪೊಸ್ತಲರ ಕೃತ್ಯಗಳು ಗ್ರಂಥದ 23ನೇ ಅಧ್ಯಾಯವನ್ನೂ ಒಟ್ಟಿಗೆ ಓದಿದೆವು. ರೋಮಿನಲ್ಲೂ ಸಾಕ್ಷಿ ಹೇಳಬೇಕು, ಧೈರ್ಯವಾಗಿರು ಎಂದು ಯೇಸುವಿನ ಸುದ್ದಿ ಸಾರಿ ಸೆರೆಯಾಗಿದ್ದ ಪೌಲನಿಗೆ ಕರ್ತನು ರಾತ್ರಿ ಹೇಳುತ್ತಾನೆ. ಬೆಳಗಾದರೆ, ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲವೆಂದು 40ಕ್ಕೂ ಹೆಚ್ಚು ಜನ ಶಪಥ ಮಾಡುತ್ತಾರೆ. ಸುದ್ದಿ ತಂದದ್ದು ಸೋದರಳಿಯ. ವಾಗ್ದಾನ ಸಿಕ್ಕಿದೆಯಲ್ಲ ಎಂದು ಪೌಲ ಕೈಕಟ್ಟಿ ಕೂರಲಿಲ್ಲ, ಹುಡುಗನನ್ನು ಸಹಸ್ರಾಧಿಪತಿಯ, ಅಂದರೆ ರೋಮನ್ ಸೇನಾಧಿಕಾರಿಯ ಬಳಿಗೆ ಕಳಿಸಿದ. 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ರಾತ್ರೋರಾತ್ರಿ ಊರು ಬಿಟ್ಟ.

"ಹಾಗಾದರೆ ದೂರು ಕೊಡಬಹುದಾ?" ಎಂದರು, ಅನುಮತಿ ಕೇಳುವ ಮಗುವಿನಂತೆ.

ಆ ದಿನ ಕೊಟ್ಟ ಸಲಹೆ: ಇನ್ನು ಮೇಲೆ ಒಂದು ಮೆಸೇಜನ್ನೂ ಅಳಿಸಬೇಡಿ, ಪ್ರತಿ ಕರೆಯ ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಮರುಪ್ರಶ್ನೆ ಹಾಕುತ್ತಾ ಜಗಳಕ್ಕಿಳಿಯಬೇಡಿ. ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಗಳ ಶಾಲೆಗೆ ತಿಳಿಸಿ. ಮಗಳಿಗೂ ಹೇಳಿ, ಮುಚ್ಚಿಟ್ಟರೆ ಅವಳು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾಳೆ. ರಾತ್ರಿ ಕರೆದರೆ ಬರುವಂಥ ಇಬ್ಬರನ್ನು ಗೊತ್ತುಮಾಡಿಕೊಳ್ಳಿ. ಚಿಲಕ ಹಾಕಿ, ಆಮೇಲೆ ಕೀರ್ತನೆ ಓದಿ, ಒಂದೊಂದು ಸಾಲಿಗೂ ಉಸಿರನ್ನು ನಿಧಾನವಾಗಿ ಬಿಡುತ್ತಾ.

ಐದನೆಯ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಗ್ರಂಥದ 12ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನು ದೇವದೂತನು ಸೆರೆಮನೆಯಿಂದ ಹೊರಗೆ ತರುತ್ತಾನೆ, ಇನ್ನೊಬ್ಬ ಶಿಷ್ಯ ಯಾಕೋಬ ಕತ್ತಿಗೆ ಬಲಿಯಾಗುತ್ತಾನೆ. "ಯಾಕೋಬನನ್ನು ಯಾಕೆ ಕಾಪಾಡಲಿಲ್ಲ ಅಕ್ಕಾ?" ಏನೂ ಆಗುವುದಿಲ್ಲ ಎಂಬ ಭರವಸೆ ಕೊಡಲು ನನ್ನಿಂದಾಗದು ಎಂದೆ. ಏನೇ ಆದರೂ ದೇವರ ಕೈ ನಿಮ್ಮನ್ನು ಬಿಟ್ಟುಹಾಕುವುದಿಲ್ಲ, ಅಷ್ಟನ್ನು ಮಾತ್ರ ನಾನು ನಂಬಿದ್ದೇನೆ ಎಂದೆ. ಸಮಾಧಾನದ ಮಾತಿಗಿಂತ ಇದರಿಂದಲೇ ಮನಸ್ಸು ಹಗುರವಾಯಿತು ಎಂದು ಹೊರಡುವಾಗ ಹೇಳಿದರು.

ತನಿಖೆ ಇನ್ನೂ ನಡೆಯುತ್ತಿದೆ. ಕರೆಗಳು ಕಡಿಮೆಯಾಗಿವೆ, ನಿಂತಿಲ್ಲ. ಕಳೆದ ಭೇಟಿಗೆ ಬಂದಾಗ ಕರೆಗಳನ್ನು ಬರೆದಿಟ್ಟ ಪುಸ್ತಕ ತಂದಿದ್ದರು. ಈಗ ರಾತ್ರಿ ಮಗಳೇ ಎದ್ದು ಹೋಗಿ ಚಿಲಕ ಹಾಕುತ್ತಾಳಂತೆ, ಆಮೇಲೆ ಇಬ್ಬರೂ ಸೇರಿ ಓದುತ್ತಾರಂತೆ.