ಸಂಪಾದಕರ ಉತ್ತರ: ಕರು ಬದಲಾದದ್ದು ಹುಡುಗಿಗೆ ಹೇಗೆ ಗೊತ್ತಾಗಬೇಕು?

ಪತ್ರ: ಮಕ್ಕಳಿಗಾಗಿ ಪತ್ತೇದಾರಿ ಕತೆ ಬರೆಯುತ್ತಿದ್ದೇನೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂದ ಹಳ್ಳಿಕಾರ್ ಹೋರಿಗರುವನ್ನು ಬಹುಮಾನದ ಹಿಂದಿನ ರಾತ್ರಿ ಯಾರೋ ಬದಲಾಯಿಸುತ್ತಾರೆ. ಹಣೆಯ ಬಿಳಿ ಮಚ್ಚೆ ನೋಡಿ ಹತ್ತು ವರ್ಷದ ಹುಡುಗಿ ಕಂಡುಹಿಡಿಯುತ್ತಾಳೆ. ಹಳ್ಳಿಯ ಮಕ್ಕಳು ಇದನ್ನು ನಂಬಲಿಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ: ನೀವು ಕಳಿಸಿದ ಅಧ್ಯಾಯಗಳನ್ನು ಓದಿದೆವು. ಹುಡುಗಿ ಚೆನ್ನಾಗಿ ಮೂಡಿದ್ದಾಳೆ, ಎಡವಿರುವುದು ಮಚ್ಚೆಯಲ್ಲಿ. ಹಳ್ಳಿಕಾರ್ ದನಗಳದು ಬೂದು ಮೈ. ಮುಖದ ಮೇಲೆ ತಿಳಿಬಣ್ಣದ ಛಾಯೆ ಎಷ್ಟೋ ಕರುಗಳಿಗೆ ಇರುತ್ತದೆ. ಇಲ್ಲದಿದ್ದರೆ ಸುಣ್ಣ ಸವರಿದರಾಯಿತು, ಇದ್ದರೆ ಮಸಿ ಬಳಿದರಾಯಿತು. ಹಗ್ಗ, ಗೆಜ್ಜೆ, ಕುಚ್ಚು, ಬಣ್ಣ ಇವೆಲ್ಲ ಓದುಗರ ದಾರಿ ತಪ್ಪಿಸುವುದಕ್ಕಿರಲಿ. ಗುಟ್ಟು ಬಯಲಾಗುವುದು ಕಳ್ಳನ ಕೈಗೆಟುಕದ ಗುರುತಿನಿಂದಲೇ ಆಗಬೇಕು, ಆ ಗುರುತನ್ನು ಓದುವ ಮಗು ಮೊದಲೇ ನೋಡಿರಬೇಕು.

ಅಂಥ ಒಂದು ಗುರುತು ಸುಳಿ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದಿರುವ ಜಾಗ. ಹುಟ್ಟುವಾಗ ಇದ್ದ ಜಾಗದಲ್ಲೇ ಕೊನೆತನಕ ಇರುತ್ತದೆ. ಜಾತ್ರೆಯಲ್ಲಿ ಕೊಳ್ಳುವವರು ಹಣೆ, ಬೆನ್ನು ಸವರಿ ಸುಳಿ ನೋಡಿಯೇ ಮಾತಿಗಿಳಿಯುತ್ತಾರೆ. ಸುಳಿಯಿಂದ ಅದೃಷ್ಟ ಎಂಬ ನಂಬಿಕೆಯನ್ನು ಕತೆ ಒಪ್ಪಬೇಕಿಲ್ಲ. ಅಜ್ಜ ಸುಳಿ ತೋರಿಸುವಾಗ ಹುಡುಗಿ ಪಕ್ಕದಲ್ಲಿದ್ದರೆ ಸಾಕು. ಮೈ ತೊಳೆದಾಗ ಕೂದಲು ಅಂಟಿಕೊಂಡು ಸುಳಿ ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಮನೆಯವರು ಮೋಸಹೋದದ್ದಕ್ಕೆ ಅದೇ ಕಾರಣವಾಗಲಿ.

ನಮಗೆ ಹೆಚ್ಚು ಇಷ್ಟವಾಗುವುದು ಮೂತಿಯ ಅಚ್ಚು. ದನದ ಮೂತಿಯ ಮೇಲಿನ ಗೆರೆ, ಗುಳ್ಳೆಗಳ ವಿನ್ಯಾಸ ಮನುಷ್ಯರ ಬೆರಳಚ್ಚಿನ ಹಾಗೆ ಒಂದರದು ಇನ್ನೊಂದಕ್ಕಿಲ್ಲ, ಕರು ಬೆಳೆದರೂ ಮಾಸುವುದಿಲ್ಲ. ಎರಡನೇ ಅಧ್ಯಾಯದಲ್ಲಿ ಹುಡುಗಿ ಶಾಲೆಯ ಪ್ರಾಜೆಕ್ಟಿಗೆಂದು ಅದನ್ನು ತೆಗೆಯಲಿ. ಒಬ್ಬರು ತಲೆ ಹಿಡಿಯಬೇಕು. ಮೂತಿಯನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಸ್ಟಾಂಪ್ ಪ್ಯಾಡಿನ ಮಸಿಯನ್ನು ತೆಳ್ಳಗೆ ತಟ್ಟಿ, ಕಾಗದವನ್ನು ಮೇಲ್ದುಟಿಯಿಂದ ಮೂಗಿನ ಹೊಳ್ಳೆಗಳವರೆಗೆ ಒತ್ತಬೇಕು. ತಡಮಾಡಿದರೆ ಮೂತಿ ಮತ್ತೆ ಬೆವರಿ ಮಸಿ ಹರಡುತ್ತದೆ. ಮಸಿ ಹೆಚ್ಚಾದರೆ ಗೆರೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಕಾಗದ ಜಾರಿದರೆ ಅಚ್ಚು ಕೆಟ್ಟಿತು. ಮೂರು ನಾಲ್ಕು ತೆಗೆದರೆ ಒಂದು ಸರಿಬರುತ್ತದೆ. ಕರು ನೆಕ್ಕುವ ಮೊದಲೇ ಮಸಿ ತೊಳೆಯಬೇಕು. ಹೋಲಿಸುವಾಗ ಹೊಳ್ಳೆಗಳ ನಡುವಿನ ಭಾಗ ನೋಡಲಿ. ಕೆಟ್ಟ ಅಚ್ಚುಗಳನ್ನೂ ಕತೆಯಲ್ಲಿ ತೋರಿಸಿ, ಮಕ್ಕಳು ನಂಬುತ್ತಾರೆ.

ಕಿವಿಯ ಓಲೆಯನ್ನು ನೀವು ಮರೆತೇಬಿಟ್ಟಿದ್ದೀರಿ. ಪಶುಪಾಲನಾ ಇಲಾಖೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಒಮ್ಮೆ ಚುಚ್ಚಿ ಕೂಡಿಸಿದರೆ ಕತ್ತರಿಸದೆ ಬಿಚ್ಚಲಾಗದು, ಒಂದರ ಕಿವಿಯದನ್ನು ಇನ್ನೊಂದಕ್ಕೆ ಹಾಕಲಾಗದು. ಬದಲಿ ಕರುವಿನ ಕಿವಿಯಲ್ಲಿ ಓಲೆಯಿಲ್ಲದ ಬರೀ ತೂತು ಕಂಡರೆ, ಅನುಮಾನ ಶುರುವಾಗುವುದಕ್ಕೆ ಅಷ್ಟು ಸಾಕು.

ಎರಡು ತಪ್ಪು ತಿದ್ದಿಕೊಳ್ಳಿ. ಕರು ‘ಮೇಲಿನ ಹಲ್ಲು ಕಿರಿಯಿತು’ ಎಂದಿದ್ದೀರಿ. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಆರು ತಿಂಗಳ ಕರುವಿಗೆ ಬಾಗಿದ ಉದ್ದ ಕೊಂಬೂ ಇರದು, ಮೊಳಕೆಯಷ್ಟೇ. ಜಾತ್ರೆಯ ವಿಭಾಗಗಳು ನಡೆಯುವುದೇ ಹಲ್ಲಿನ ಲೆಕ್ಕದಲ್ಲಿ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು (ಎಂಟೂ ಹಲ್ಲು ಬಂದದ್ದು). ಹಾಲುಹಲ್ಲು ಬಿದ್ದು ಮೊದಲ ಎರಡು ಶಾಶ್ವತ ಹಲ್ಲು ಬರುವುದು ಎರಡು, ಎರಡೂವರೆ ವರ್ಷಕ್ಕೆ. ನಿಮ್ಮದು ಹಾಲುಹಲ್ಲಿನ ಕರು.

ಕಳ್ಳನ ಉದ್ದೇಶವೂ ಬಲವಾಗಲಿ. ಬಹುಮಾನಕ್ಕಾಗಿ ಇಷ್ಟು ಕಷ್ಟ ಯಾರೂ ಪಡುವುದಿಲ್ಲ. ಹಳ್ಳಿಕಾರ್‌ಗೆ ಬೆಲೆ ಜೋಡಿಯಾಗಿದ್ದರೆ. ಎತ್ತರ, ಬಣ್ಣ, ನಿಲುವು ಹೊಂದುವ ಜೊತೆ ಸಿಗುವುದು ಕಷ್ಟ. ಕಳ್ಳನ ಮನೆಯಲ್ಲಿ ಒಂಟಿ ಕರುವಿರಲಿ, ಅದಕ್ಕೆ ತಕ್ಕ ಜೊತೆ ಹುಡುಗಿಯ ಕರುವೇ ಆಗಿರಲಿ.

ಇನ್ನು ಸಮಯ. ಜಾತ್ರೆ ಡಿಸೆಂಬರ್–ಜನವರಿಯ ಚಳಿಯಲ್ಲಿ, ನೀವು ಬರೆದ ಬಿರುಬಿಸಿಲಿನಲ್ಲಲ್ಲ. ರಾತ್ರಿ ದನದ ಪಕ್ಕದಲ್ಲೇ ಬೆಂಕಿ ಹಾಕಿಕೊಂಡು ಮಲಗಿರುತ್ತಾರೆ, ಆಗ ಬದಲಾಯಿಸುವುದು ಆಗದ ಮಾತು. ಮುಂಜಾನೆ ಮಂಜಿನಲ್ಲಿ ಹತ್ತಾರು ದನಗಳನ್ನು ಒಟ್ಟಿಗೆ ನೀರಿಗೆ ಹೊಡೆದುಕೊಂಡು ಹೋಗುವಾಗ ಆಗಲಿ. ತಿದ್ದಿದ ಮೇಲೆ ಎರಡನೇ ಅಧ್ಯಾಯವನ್ನು ಮೊದಲು ಕಳಿಸಿ.