ಛಾವಣಿಯ ಮೇಲಿನ ಮಾತು

ಪ್ರಶ್ನೆ: ಧಾರವಾಡದವಳಾದ ನಾನು ಮೊರಾಕ್ಕೊದ ಫೆಸ್ ನಗರದ ಹಳೆಯ ಕೋಟೆಯೊಳಗಿನ ಮನೆಯೊಂದರಲ್ಲಿ ಬಾಡಿಗೆಗಿದ್ದೇನೆ. ಮನೆಯೊಡತಿಯ 26 ವರ್ಷದ ಹಿರಿಯ ಮಗಳು ಕಾಸಾಬ್ಲಾಂಕಾದಲ್ಲಿರುವ ಹಳೆಯ ಸಹಪಾಠಿಯನ್ನು ಮೆಚ್ಚಿದ್ದಾಳೆ. ತಂದೆ ತಮ್ಮ ಅಣ್ಣನ ಮಗನಿಗೆ ಮಾತು ಕೊಟ್ಟಿದ್ದಾರೆ. ನನ್ನ ಜೊತೆ ರಬಾತ್ ನೋಡಲು ಬರುತ್ತಾಳೆಂದು ಮನೆಯಲ್ಲಿ ಹೇಳಿದರೆ ಎರಡು ದಿನ ಅವನಲ್ಲಿಗೆ ಹೋಗಿಬರುತ್ತಾಳಂತೆ. ನನ್ನನ್ನು ಮಗಳಂತೆ ಕಾಣುವ ಅವಳ ತಾಯಿಗೆ ಸುಳ್ಳು ಹೇಳಲೇ?

ಉತ್ತರ: ಹೇಳಬೇಡಿ. ಹುಡುಗಿಯ ಬಯಕೆ ನ್ಯಾಯವಾದದ್ದೇ, ಆದರೆ ಈ ದಾರಿ ಅಪಾಯದ್ದು. ಮೊರಾಕ್ಕೊದ ದಂಡಸಂಹಿತೆಯ 490ನೇ ವಿಧಿಯ ಪ್ರಕಾರ ಮದುವೆಯ ಹೊರಗಿನ ದೈಹಿಕ ಸಂಬಂಧಕ್ಕೆ ಒಂದು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸವಿದೆ. ಹಾಗೇನೂ ನಡೆಯದಿದ್ದರೂ, ಗುಟ್ಟಿನ ಪ್ರಯಾಣ ಬಯಲಾದರೆ ಊರವರ ಅನುಮಾನಕ್ಕೆ ಅಷ್ಟೇ ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ತಂಗಿಯೊಬ್ಬಳಿದ್ದಾಳೆಂದೂ ಬರೆದಿದ್ದೀರಿ. ಅಕ್ಕನ ಸುಳ್ಳು ಹೊರಬಿದ್ದ ದಿನ ಮೊದಲು ನಿಲ್ಲುವುದು ಆ ತಂಗಿಯ ಓದು. ಹೇಸರಗತ್ತೆ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕಾದ ಓಣಿಗಳಲ್ಲಿ, ಮನೆಗೆ ಮನೆ ಅಂಟಿಕೊಂಡಿರುವ ಕಡೆ, 'ಹ್ಶೂಮಾ' ಎಂಬ ಅವರ ನಾಚಿಕೆಯ ಮಾತು ಒಬ್ಬಳ ಮೇಲೆ ಬಿದ್ದು ಅಲ್ಲಿಗೇ ಮುಗಿಯುವುದಿಲ್ಲ.

ಕಾನೂನು ಅವಳ ಬೆನ್ನಿಗಿದೆ. 2004ರ ಕುಟುಂಬ ಸಂಹಿತೆ, ಅಂದರೆ ಮುದವ್ವನಾ, ವಯಸ್ಕ ಹೆಣ್ಣು ತನ್ನ ಮದುವೆಯ ಕರಾರನ್ನು ತಾನೇ ಮಾಡಿಕೊಳ್ಳಬಹುದೆಂದು 25ನೇ ವಿಧಿಯಲ್ಲಿ ಹೇಳಿದೆ. ಒತ್ತಾಯದ ಮದುವೆ 2018ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಅಪರಾಧ. ಇದು ಅವಳಿಗೆ ಗೊತ್ತಿರಲೂಬಹುದು. ಗೊತ್ತಿದ್ದೂ ತಂದೆಯ ಒಪ್ಪಿಗೆಗಾಗಿ ಅವಳ ಮನಸ್ಸು ಹಂಬಲಿಸುತ್ತಿದ್ದರೆ ಅದನ್ನು ದಯವಿಟ್ಟು ಹೇಡಿತನವೆನ್ನಬೇಡಿ.

ಛಾವಣಿಯಲ್ಲಿ ಒಣಗಿದ ಬಟ್ಟೆ ಮಡಚುತ್ತ ಆ ತಾಯಿ "ಹದಿನಾರಕ್ಕೆ ನನ್ನ ಮದುವೆಯಾಯಿತು, ನನ್ನನ್ನು ಯಾರೂ ಕೇಳಲಿಲ್ಲ" ಎಂದದ್ದನ್ನು ನಿಮ್ಮ ಪತ್ರದಲ್ಲಿ ಮತ್ತೆ ಮತ್ತೆ ಓದಿದೆ. ನೀವು ಮೋಸಗೊಳಿಸಬೇಕೆಂದಿರುವುದು ಇದೇ ಹೆಂಗಸನ್ನು. ಫೆಸ್‌ನಲ್ಲಿ ಛಾವಣಿ ಹಿಂದಿನಿಂದಲೂ ಹೆಂಗಸರ ಜಾಗ. ಮಗಳು ಅಲ್ಲೇ, ಒಂದು ಸಂಜೆ, ತಾಯಿಗೆ ತಾನೇ ಎಲ್ಲವನ್ನೂ ಹೇಳಲಿ. ನೀವು ಪಕ್ಕದಲ್ಲಿ ಕೂತಿರಿ, ಆದರೆ ಅವಳ ಪರ ವಾದಿಸಬೇಡಿ, ಏಕೆಂದರೆ ನಾಳೆ ಊರಿಗೆ ಮರಳುವವರು ನೀವು, ಆಡಿದ ಮಾತಿನೊಂದಿಗೆ ಅಲ್ಲೇ ಬಾಳಬೇಕಾದವರು ಅವರು. ತಾಯಿ ಒಲಿದರೆ ಹುಡುಗನ ಮನೆಯ ಹಿರಿಯರು ಫೆಸ್‌ಗೆ ಬಂದು ಹೆಣ್ಣು ಕೇಳಲಿ. ಒಲಿಯದಿದ್ದರೂ ಹುಡುಗಿ ಕಾಸಾಬ್ಲಾಂಕಾದ ರೈಲು ಹತ್ತಬಹುದು. ಹಗಲಿನಲ್ಲೇ, ಎಲ್ಲಿಗೆ ಹೋಗುತ್ತಿದ್ದೇನೆಂದು ತಾಯಿಗೆ ಹೇಳಿಯೇ.