ಉಪಗ್ರಹ ದತ್ತಾಂಶದಿಂದ ಬೆಂಗಳೂರಿನ ಗಾಳಿಯ ಸೂಕ್ಷ್ಮ ಕಣಗಳ (ಪಿಎಂ 2.5) ಅಂದಾಜು: ಪರೀಕ್ಷೆಯಲ್ಲಿ ಆರ್-ಸ್ಕ್ವೇರ್ (1 ಬಂದರೆ ಪೂರ್ಣ ಹೊಂದಿಕೆ) 0.9, ಹೊಸ ಬಡಾವಣೆಯಲ್ಲಿ ಪೂರ್ತಿ ತಪ್ಪು. ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಮೋಡಿಸ್ ಎಂಬ ಉಪಗ್ರಹ ಉಪಕರಣದ ಎಒಡಿ (ಗಾಳಿಯ ಕಣಗಳು ಬೆಳಕನ್ನು ತಡೆದ ಪ್ರಮಾಣ), ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಸ್ಟೇಷನ್‌ಗಳ ಅಳತೆ, ಹಲವು ನಿರ್ಧಾರವೃಕ್ಷಗಳ ಸರಾಸರಿ ತೆಗೆಯುವ ರ್‍ಯಾಂಡಮ್ ಫಾರೆಸ್ಟ್ ಮಾದರಿ ಬಳಸಿದ್ದೇನೆ ಎಂದಿದ್ದೀರಿ. ದತ್ತಾಂಶದ ಸಾಲುಗಳನ್ನೆಲ್ಲ ಕಲೆಸಿ ತರಬೇತಿಗೆ 80, ಪರೀಕ್ಷೆಗೆ 20 ಎಂದು ಹಂಚಿರಬೇಕು. ತೊಂದರೆ ಅಲ್ಲೇ ಇದೆ. ಹೆಬ್ಬಾಳದ ಸೋಮವಾರ ತರಬೇತಿಗೂ ಮಂಗಳವಾರ ಪರೀಕ್ಷೆಗೂ ಹೋದರೆ ಅಂಕ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಒಂದೇ ಜಾಗದಲ್ಲಿ ನಿನ್ನೆಗೂ ಇವತ್ತಿಗೂ ಅಂಥ ವ್ಯತ್ಯಾಸ ಇರುವುದಿಲ್ಲ. ಅಕ್ಷಾಂಶ-ರೇಖಾಂಶವನ್ನೂ ಕೊಟ್ಟಿದ್ದರೆ ಯಾವ ಸ್ಟೇಷನ್ ಎಂಬುದೂ ಮಾದರಿಗೆ ತಿಳಿದುಬಿಡುತ್ತದೆ.

ಪರೀಕ್ಷೆಗೆ ಇಡೀ ಸ್ಟೇಷನ್ನನ್ನೇ ಹೊರಗಿಡಿ. ಪೀಣ್ಯವನ್ನು ಪೂರ್ತಿ ತೆಗೆದು ಉಳಿದವುಗಳಿಂದ ಕಲಿಸಿ, ಪೀಣ್ಯದ ಮೇಲೆ ಪರೀಕ್ಷಿಸಿ. ಆಮೇಲೆ ಬಿಟಿಎಂ, ಸಿಲ್ಕ್ ಬೋರ್ಡ್, ಜಯನಗರ, ಹೀಗೆ ಒಂದೊಂದಾಗಿ. ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯ ಲೀವ್‌ಒನ್‌ಗ್ರೂಪ್‌ಔಟ್‌ಗೆ ಸ್ಟೇಷನ್ ಹೆಸರನ್ನೇ ಗ್ರೂಪ್ ಆಗಿ ಕೊಟ್ಟರೆ ಸಾಕು. ಜೊತೆಗೆ ಇನ್ನೊಂದು ಲೆಕ್ಕ ಹಾಕಿ: ಆ ದಿನದ ಉಳಿದ ಸ್ಟೇಷನ್‌ಗಳ ಸರಾಸರಿಯನ್ನೇ ಉತ್ತರ ಎಂದಿಟ್ಟುಕೊಂಡರೆ ಆರ್‌ಎಂಎಸ್‌ಇ (ಅಂದಾಜು ಸರಾಸರಿ ಎಷ್ಟು ತಪ್ಪುತ್ತದೆ ಎಂಬ ಅಳತೆ) ಎಷ್ಟಾಗುತ್ತದೆ? ಮಾದರಿ ಆ ಸರಾಸರಿಯನ್ನು ಮೀರಿಸದಿದ್ದರೆ ಉಪಗ್ರಹದಿಂದ ನಿಮಗೆ ಸಿಕ್ಕಿದ್ದು ಏನೂ ಇಲ್ಲ. ಈ ಹೋಲಿಕೆ ಕೊಡದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಅಂಕ ಕುಸಿದರೆ ಗಾಬರಿಯಾಗಬೇಡಿ. ಎಒಡಿ ಎಂದರೆ ನೆಲದಿಂದ ಆಕಾಶದವರೆಗಿನ ಇಡೀ ಗಾಳಿಕಂಬದಲ್ಲಿ ಬೆಳಕು ಎಷ್ಟು ತಡೆಯಲ್ಪಟ್ಟಿತು ಎಂಬ ಅಳತೆ. ನಾವು ಉಸಿರಾಡುವುದು ಅದರ ತಳದ ಗಾಳಿಯನ್ನು ಮಾತ್ರ. ಚಳಿಗಾಲದ ಬೆಳಿಗ್ಗೆ ಹೊಗೆ ಬೆರೆಯುವ ಕೆಳಗಿನ ಗಾಳಿಯ ಪದರ (ಮಿಶ್ರಣ ಪದರ) ತೆಳ್ಳಗಿದ್ದು ಹೊಗೆಯೆಲ್ಲ ಕೆಳಗೇ ನಿಲ್ಲುತ್ತದೆ. ಮಧ್ಯಾಹ್ನ ಅದೇ ಹೊಗೆ ಮೇಲೆ ಹರಡುತ್ತದೆ. ಎಒಡಿ ಒಂದೇ, ನೆಲದ ಪಿಎಂ ಬೇರೆ. ತೇವವೂ ಹಾಗೆಯೇ ಕಾಡುತ್ತದೆ: ಗಾಳಿ ಒದ್ದೆಯಾಗಿದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಎಒಡಿ ಏರುತ್ತದೆ, ನೆಲದ ಯಂತ್ರವೋ ಗಾಳಿಯನ್ನು ಬಿಸಿಮಾಡಿ ಒಣಗಿಸಿ ಅಳೆಯುತ್ತದೆ. ಆದ್ದರಿಂದ ಇಆರ್‌ಎ5 ಎಂಬ ಜಾಗತಿಕ ಹವಾಮಾನ ದತ್ತಾಂಶದಿಂದ ಮಿಶ್ರಣ ಪದರದ ಎತ್ತರ, ತೇವಾಂಶ, ಗಾಳಿಯ ವೇಗ, ಮಳೆ ಇಷ್ಟನ್ನಾದರೂ ಸೇರಿಸಿ. ಇಆರ್‌ಎ5 ಗಡಿಯಾರ ಯುಟಿಸಿಯದು (ಜಾಗತಿಕ ಪ್ರಮಾಣ ಸಮಯ): ನಮ್ಮ ಮಧ್ಯಾಹ್ನ 1:30 ಅಲ್ಲಿ 08:00. ಈ ಐದೂವರೆ ಗಂಟೆ ಮರೆತರೆ ರಾತ್ರಿಯ ಪದರ ಮಧ್ಯಾಹ್ನದ ಎಒಡಿಗೆ ಅಂಟಿಕೊಳ್ಳುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಎಒಡಿಗೆ 1 ಕಿ.ಮೀ. ವಿವರದ ಎಂಸಿಡಿ19ಎ2 ಎಂಬ ಮೋಡಿಸ್ ದತ್ತಾಂಶ ತೆಗೆದುಕೊಳ್ಳಿ. ಸಂಖ್ಯೆಯನ್ನು 0.001ರಿಂದ ಗುಣಿಸಬೇಕು, ಗುಣಮಟ್ಟ ಸೂಚಿಸುವ ಕ್ಯೂಎ ಬಿಟ್ 8ರಿಂದ 11ರವರೆಗೆ ಸೊನ್ನೆ ಇರುವ ಪಿಕ್ಸೆಲ್ ಮಾತ್ರ ಉಳಿಸಿಕೊಳ್ಳಿ, ಇಲ್ಲದಿದ್ದರೆ ಮೋಡದ ಅಂಚು ಹೊಗೆಯಂತೆ ಕಾಣುತ್ತದೆ. ಸ್ಟೇಷನ್ ಕಡೆಯಿಂದ ಪಿಎಂ 2.5, ಅದನ್ನೂ ಒಳಗೊಂಡ ಪಿಎಂ 10ಕ್ಕಿಂತ ಹೆಚ್ಚಿರುವ ಗಂಟೆಗಳನ್ನೂ, ಒಂದೇ ಸಂಖ್ಯೆ ಗಂಟೆಗಟ್ಟಲೆ ಕದಲದೆ ನಿಂತ ಭಾಗಗಳನ್ನೂ ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಮೇಲೆ ಮೋಡ, ಹಾಗಾಗಿ ಎಒಡಿ ಬಹುಪಾಲು ಖಾಲಿ. ಆ ಸಾಲುಗಳನ್ನು ಸುಮ್ಮನೆ ಬಿಟ್ಟರೆ ವಾರ್ಷಿಕ ಸರಾಸರಿ ಬಿಸಿಲಿನ ದಿನಗಳ ಸರಾಸರಿಯಾಗುತ್ತದೆ. ಮಳೆ ತೊಳೆದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಆ ಸರಾಸರಿಯನ್ನು ಘನ ಮೀಟರ್‌ಗೆ 40 ಮೈಕ್ರೋಗ್ರಾಂನ ರಾಷ್ಟ್ರೀಯ ವಾರ್ಷಿಕ ಮಿತಿಯೊಂದಿಗೆ ಹೋಲಿಸುವುದು ತಪ್ಪು. ಖಾಲಿ ದಿನಗಳಿಗೆ ಕ್ಯಾಮ್ಸ್ ಅಥವಾ ಮೆರ್ರಾ-2 ಎಂಬ ವಾತಾವರಣ ಮಾದರಿಗಳ ಎಒಡಿ ತುಂಬಿ, ತುಂಬಿದ್ದು ಎಂದು ಗುರುತಿಸುವ ಒಂದು ಕಾಲಂ ಇಡಿ.

ವಾಹನದ ಹೊಗೆಗಾಗಿ ಸೆಂಟಿನೆಲ್-5ಪಿ ಉಪಗ್ರಹದ ನೈಟ್ರೋಜನ್ ಡೈಆಕ್ಸೈಡ್ ಸೇರಿಸಬಹುದು. ಅದರ ಪಿಕ್ಸೆಲ್ 5.5 × 3.5 ಕಿ.ಮೀ., ರಸ್ತೆ ರಸ್ತೆಯ ವ್ಯತ್ಯಾಸ ಕಾಣದು. ಸಣ್ಣ ಋಣ ಸಂಖ್ಯೆಗಳನ್ನು ಅಳಿಸಬೇಡಿ. ಅವು ಅಳತೆಯ ಏರುಪೇರು, ಅಳಿಸಿದರೆ ಸರಾಸರಿ ಮೇಲೇರುತ್ತದೆ.

ಸೆಂಟಿನೆಲ್-2ರ 10 ಮೀಟರ್ ಚಿತ್ರಗಳನ್ನು ಸಿಎನ್‌ಎನ್‌ಗೆ (ಚಿತ್ರಗಳಿಂದ ಕಲಿಯುವ ನರಜಾಲ ಮಾದರಿ) ಕೊಡುವ ಯೋಚನೆಯಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಜಾಗದ, ಮಲಿನ ದಿನದ ಮತ್ತು ಶುಭ್ರ ದಿನದ ಎರಡು ಚಿತ್ರ ಕೊಡಿ. ಉತ್ತರ ಬದಲಾಗದಿದ್ದರೆ ಅದು ನೋಡುತ್ತಿರುವುದು ರಸ್ತೆ, ಶೆಡ್ಡು, ಮರಗಳನ್ನು. ವಾರ್ಷಿಕ ನಕ್ಷೆಗೆ ಅದೂ ಉಪಯುಕ್ತವೇ, ದಿನದ ಅಂದಾಜಿಗೆ ಅಲ್ಲ.

ರ್‍ಯಾಂಡಮ್ ಫಾರೆಸ್ಟ್ ತಾನು ಕಂಡ ಗರಿಷ್ಠ ಮೌಲ್ಯವನ್ನು ದಾಟಲಾರದು, ಆದ್ದರಿಂದ ದೀಪಾವಳಿ ರಾತ್ರಿಯ ಏರಿಕೆ ಅದರಿಂದ ಬರುವುದಿಲ್ಲ. ಅಲ್ಲದೆ ಎಒಡಿ, ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಈ ಉಪಗ್ರಹಗಳು ಅಳೆಯುವುದು ಹಗಲಿನಲ್ಲಿ ಮಾತ್ರ. ನಕ್ಷೆ ಬಿಡಿಸುವಾಗ ತರಬೇತಿಯಲ್ಲಿ ಕಾಣದಂಥ ಜಾಗಗಳನ್ನು, ಅಂದರೆ ಕೆರೆಯಂಗಳ, ಕಲ್ಲುಕ್ವಾರಿ, ನಗರದಾಚೆಯ ಹೊಲಗಳನ್ನು, ಅಂದಾಜಿನ ಬಣ್ಣ ಹಚ್ಚದೆ ಬೂದು ಬಣ್ಣದಲ್ಲೇ ಬಿಡಿ.